ಹಡಗಿಗೇ ಬೇರೆ ಬೂಟು

ಕೊಂಕಣ ರೈಲು ನಮ್ಮ ಕುಮಟೆಯ ಮೇಲೆ ಓಡಲು ಶುರುವಾದ ಹೊಸತು. ಆಗ ನಾನು ಉತ್ತರದ ಒಂದು ಬಂದರು ನಗರದಲ್ಲಿ, ಹೊರದೇಶದವರ ಕಾರು ಕಾರ್ಖಾನೆಯಲ್ಲಿ ಯಾರ್ಡ್ ಡ್ರೈವರ್ ಆಗಿದ್ದೆ. ಯಾರ್ಡ್ ಡ್ರೈವರ್ ಎಂದರೆ ಕಾರ್ಖಾನೆಯಿಂದ ಹೊರಬಿದ್ದ ಹೊಸ ಕಾರನ್ನು ಬಂದರಿನ ಬಯಲಿಗೆ ತಂದು ನಿಲ್ಲಿಸಿ, ಹಡಗು ಬಂದ ದಿನ ಅದರ ಹೊಟ್ಟೆಯೊಳಗೆ ಹತ್ತಿಸುವವನು. ಪರದೇಶಕ್ಕೆ ಹೋಗುವ ಕಾರನ್ನು ಈ ನೆಲದ ಮೇಲೆ ಕಟ್ಟಕಡೆಗೆ ಓಡಿಸುವವರು ನಾವೇ. ನಾನು ಓದಿದ್ದು ನಾಲ್ಕನೆಯ ಇಯತ್ತೆ. ಬರೆಯುವ ಅಭ್ಯಾಸ ಇಲ್ಲ. ಆದರೂ ಇದನ್ನು ಬರೆಯದೆ ಇರಲಿಕ್ಕೆ ಆಗುತ್ತಿಲ್ಲ, ಅಷ್ಟು ಸಂತೋಷ ಆಗಿದೆ.

ಸಂತೋಷಕ್ಕೆ ಕಾರಣ ನನ್ನ ಮೊಮ್ಮಗಳು ನಾಗಶ್ರೀ. ಅದೇ ಯಾರ್ಡಿನಲ್ಲಿ ಈಗ ಅವಳಿಗೆ ಡ್ರೈವರ್ ಕೆಲಸ ಸಿಕ್ಕಿದೆ. ಈಗಿನ ಕಾರುಗಳು ಬ್ಯಾಟರಿಯವು, ಹಡಗು ಹತ್ತುವಾಗ ಸದ್ದೇ ಮಾಡುವುದಿಲ್ಲವಂತೆ. ಕೆಲಸಕ್ಕೆ ಸೇರಿದ ಮೊದಲ ದಿನ ಹೊಸಬರನ್ನೆಲ್ಲ ಒಂದು ದೊಡ್ಡ ಗೋಡೆಯ ಮುಂದೆ ನಿಲ್ಲಿಸಿ ಕಾರ್ಖಾನೆಯ ಇತಿಹಾಸ ತೋರಿಸಿದರಂತೆ. ಒಂದು ಚಿತ್ರದಲ್ಲಿ ಹಡಗಿನ ಬುಡದಲ್ಲಿ ಬೆಂಚಿನ ಮೇಲೆ ಸಾಲಾಗಿ ಇಟ್ಟ ಬಿಳಿ ಬೂಟುಗಳು. ಅದರ ಕೆಳಗೆ, ಹಡಗು ಹತ್ತುವ ಮುಂಚೆ ಬೂಟು ಬದಲಿಸುವ ಶಿಸ್ತನ್ನು ಕಂಪನಿ ತನ್ನ ದೇಶದಿಂದ ತಂದಿತು ಎಂದು ಬರೆದಿತ್ತು. ನಮ್ಮ ಹುಡುಗಿ ಕೈ ಎತ್ತಿ, “ಸರ್, ಅದು ತಪ್ಪು. ಅದು ಬಂದದ್ದು ನಮ್ಮನೆ ದೋಣಿಯಿಂದ” ಎಂದಳಂತೆ. ಅವಳು ಅದನ್ನು ಫೋನಿನಲ್ಲಿ ಹೇಳಿದಾಗ ನಾನು ಫೋನ್ ಹಿಡಿದುಕೊಂಡೇ ಅಂಗಳದಲ್ಲಿ ಎರಡು ಸುತ್ತು ಕುಣಿದೆ. ಮಂಡಿ ನೋವು ಆಮೇಲೆ ನೆನಪಾಯಿತು.

ಗೋಡೆಯ ಮೇಲಿನ ಬರಹವನ್ನು ಅವರು ಬದಲಿಸಿಲ್ಲ. ಬದಲಿಸುವುದೂ ಬೇಡ. ಗೋಡೆ ಅವರದ್ದು, ಬರೆದುಕೊಳ್ಳಲಿ. ಈ ಕಾಗದ ನನ್ನದು. ಕಂಪನಿಯ ಹೆಸರನ್ನೂ ದೇಶದ ಹೆಸರನ್ನೂ ಮಾತ್ರ ಹೇಳುವುದಿಲ್ಲ, ಯಾಕೆಂದರೆ ಹುಡುಗಿ ಅಲ್ಲಿ ದುಡಿಯಬೇಕು.

ಆ ಕಾರ್ಖಾನೆ ಎದ್ದ ಜಾಗ ಮೊದಲು ಉಪ್ಪಿನ ಗದ್ದೆಯಾಗಿತ್ತು. ಕೆಮ್ಮಣ್ಣು ತಂದು ತಂದು ಸುರಿದು ನೆಲ ಎತ್ತರ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆಗ ನಾನು ಅಲ್ಲಿ ಮಣ್ಣಿನ ಲಾರಿ ಓಡಿಸುತ್ತಿದ್ದೆ. ಮೊದಮೊದಲು ಕಾರು ಅಲ್ಲಿ ಹುಟ್ಟುತ್ತಿರಲಿಲ್ಲ. ಮರದ ಪೆಟ್ಟಿಗೆಗಳಲ್ಲಿ ಬಿಡಿ ಭಾಗಗಳಾಗಿ ಹಡಗಿನಲ್ಲಿ ಬರುತ್ತಿತ್ತು. ಇಲ್ಲಿಯವರು ಅದನ್ನು ಜೋಡಿಸುತ್ತಿದ್ದರು, ಅಷ್ಟೆ. ಇದು ಎರಡು ಮಳೆಗಾಲ ಕಾಣುವುದಿಲ್ಲ, ಬೀಗ ಹಾಕಿಕೊಂಡು ಹೋಗುತ್ತಾರೆ ಎಂದು ಊರವರೆಲ್ಲ ಹೇಳುತ್ತಿದ್ದರು. ಹಾಗೆ ಆಗಲಿಲ್ಲ. ಪ್ರೆಸ್ ಬಂತು, ಅಂದರೆ ತಗಡನ್ನು ಒತ್ತಿ ಬಾಗಿಲು, ಛಾವಣಿ ಮಾಡುವ ಯಂತ್ರ. ಬಣ್ಣದ ಮನೆ ಬಂತು. ಎಂಜಿನ್ ಕೂಡ ಇಲ್ಲಿಯೇ ಆಗಲಿಕ್ಕೆ ಹತ್ತಿತು. ಪೆಟ್ಟಿಗೆ ತರುತ್ತಿದ್ದ ಬಂದರಿನಿಂದಲೇ ಇಡೀ ಕಾರು ಹೊರಗೆ ಹೋಗುವ ಕಾಲ ಬಂತು. ಆಗ ಅವರಿಗೆ ನಾವು ಬೇಕಾದೆವು.

ನಾವು ಎಂದರೆ ಭಟ್ಕಳ, ಹೊನ್ನಾವರ, ಕುಮಟೆಯ ಡ್ರೈವರುಗಳು. ಮೀನಿನ ಲಾರಿಯನ್ನು ಧಕ್ಕೆಯ, ಅಂದರೆ ದೋಣಿ ನಿಲ್ಲುವ ಕಟ್ಟೆಯ, ಅಂಚಿನವರೆಗೆ ಹಿಂದಕ್ಕೆ ಬಿಟ್ಟು ಪಳಗಿದವರು. ಒಂದು ಗೇಣು ಆಚೆ ಹೋದರೆ ಲಾರಿ ಸಮುದ್ರಕ್ಕೆ, ಒಂದು ಗೇಣು ಈಚೆ ನಿಂತರೆ ಮೀನು ತುಂಬುವವರ ಬೈಗುಳ. ಹಡಗಿನೊಳಗಿನ ಕೆಲಸವೂ ಅಂಥದ್ದೇ. ಹಡಗಿನ ಹಿಂಭಾಗದಲ್ಲಿ ಸೇತುವೆಯ ಹಾಗೆ ಕೆಳಗೆ ಬಾಗುವ ಕಬ್ಬಿಣದ ಹಲಗೆ ಇರುತ್ತದೆ, ಅದಕ್ಕೆ ರ್‍ಯಾಂಪ್ ಎನ್ನುತ್ತಾರೆ. ಅದರ ಮೇಲೆ ಹತ್ತಿಸಿ, ಒಳಗಿನ ಮಾಳಿಗೆಗಳಲ್ಲಿ, ಒಂದು ಕಾರಿನ ಕನ್ನಡಿಗೂ ಇನ್ನೊಂದರ ಕನ್ನಡಿಗೂ ನಡುವೆ ಅಂಗೈ ಹೋಗುವಷ್ಟು ಮಾತ್ರ ಸಂದು ಬಿಟ್ಟು ನಿಲ್ಲಿಸಬೇಕು. ಆಮೇಲೆ ಬೇರೆಯವರು ಬಂದು ನೆಲದ ಬಳೆಗಳಿಗೆ ಪಟ್ಟಿ ಬಿಗಿದು ಕಟ್ಟುತ್ತಾರೆ. ನಾವು ವ್ಯಾನು ಹತ್ತಿ ಇಳಿದು ಬಂದು ಇನ್ನೊಂದು ಕಾರು ಹಿಡಿಯುತ್ತೇವೆ.

ಮೊದಲ ಹಡಗಿನ ದಿನ ಒಂದು ತಮಾಷೆ ಆಯಿತು. ಕಂಪನಿ ಎಲ್ಲರಿಗೂ ಸೇಫ್ಟಿ ಶೂ ಕೊಟ್ಟಿತ್ತು, ಮುಂದೆ ಉಕ್ಕಿನ ಟೊಪ್ಪಿ ಇರುವ ದಪ್ಪ ಕರಿ ಬೂಟು. ನಾವು ಕಾರುಗಳನ್ನು ಸಾಲಾಗಿ ರ್‍ಯಾಂಪಿನ ಬುಡಕ್ಕೆ ತಂದೆವು. ಯಾರೂ ಯಾರಿಗೂ ಹೇಳಿರಲಿಲ್ಲ. ಒಬ್ಬೊಬ್ಬರೇ ಕೆಳಗಿಳಿದು, ಬೂಟು ಬಿಚ್ಚಿ ನೆಲದ ಮೇಲೆ ಇಟ್ಟು, ರ್‍ಯಾಂಪನ್ನು ಮುಟ್ಟಿ ನಮಸ್ಕಾರ ಮಾಡಿ, ಬರಿಗಾಲಲ್ಲಿ ಕಾರು ಹತ್ತಿ ಒಳಗೆ ಹೋದೆವು. ದೋಣಿಗೆ ಚಪ್ಪಲಿ ಹಾಕಿಕೊಂಡು ಹತ್ತುವುದು ನಮ್ಮ ಕಡೆ ಇಲ್ಲ. ಭಟ್ಕಳದ ಜಾಫರ್ ನಮಸ್ಕಾರ ಮಾಡಲಿಲ್ಲ, ಬಿಸ್ಮಿಲ್ಲಾ ಎಂದ. ಹೊನ್ನಾವರದ ಪಾಸ್ಕಲ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿದ. ಬೂಟು ಮಾತ್ರ ಮೂವರದ್ದೂ ಕೆಳಗೇ. ನಾವು ಒಳಗಿದ್ದಾಗ ಹಿಂದಿನಿಂದ ಒಂದು ಟ್ರೇಲರ್ ಬಂದು ಆ ಹೊಸ ಬೂಟಿನ ಸಾಲಿನ ಮೇಲೆಯೇ ಹಾದು ಹೋಯಿತು. ಹೊರಗೆ ಬಂದು ನೋಡಿದರೆ ಎಲ್ಲ ಹಪ್ಪಳ. “ಉಕ್ಕಿನ ಟೊಪ್ಪಿ ಗಟ್ಟಿ ಅದೆ ಮಾರಾಯಾ, ಬೂಟೇ ಇಲ್ಲ” ಎಂದು ಪಾಸ್ಕಲ್ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಬೈಗುಳ ತಿಂದೆವು. ಆಮೇಲೆ ಬೂಟನ್ನು ವ್ಯಾನಿನಲ್ಲಿ ಇಡುವುದು ರೂಢಿಯಾಯಿತು. ಆಗಿನ ಸೂಪರ್‌ವೈಸರ್ ನೋಡಿಯೂ ನೋಡದ ಹಾಗೆ ಇದ್ದುಬಿಟ್ಟರು. ಕೆಲವು ವರ್ಷ ಹಾಗೆಯೇ ನಡೆಯಿತು.

ಆಮೇಲೆ ಕಾರ್ಖಾನೆಯ ಒಳಗಿನಿಂದ ಹೊಸ ಸೂಪರ್‌ವೈಸರ್ ಬಂದರು. ಪ್ರೆಸ್ಸಿನ ಹತ್ತಿರ ಒಬ್ಬ ಕೆಲಸಗಾರನ ಕಾಲಿಗೆ ಪೆಟ್ಟಾಗಿತ್ತು, ಆದ್ದರಿಂದ ಬೂಟಿನ ವಿಷಯದಲ್ಲಿ ಬಿಗಿ ಬಂದಿತ್ತು. ಅದು ಸರಿಯೇ. ಆದರೆ ಅವರು ಹೇಳುವ ರೀತಿ ಬೇರೆ. ಚೌತಿ ಮುಗಿದ ಮೇಲಿನ ಮೊದಲ ಹಡಗು. ನಾನು ಸಾಲಿನಲ್ಲಿ ಮುಂದಿದ್ದೆ. ಅವರ ಹಿಂದಿಯನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ.

“ಹೊನ್ನಪ್ಪ, ಬೂಟು ಹಾಕಿಕೊಂಡು ಹತ್ತು.”

“ಯಾರ್ಡಲ್ಲಿ ಹಾಕ್ತೆ ಸಾಯ್ಬ್ರೇ, ದಿನಾ ಹಾಕ್ತೆ. ಇಲ್ಲಿ ಉಗುಳ್ತಾರೆ, ಡೀಸೆಲ್ ಚೆಲ್ತಾರೆ, ನಾಯಿ ಅಡ್ಡಾಡ್ತದೆ. ಆ ಅಟ್ಟೆ ತಕ್ಕಂಡು ಹಡಗು ತುಳಿಯೂದಿಲ್ಲ.”

“ಇದೇನು ನಿಮ್ಮೂರಿನ ದೋಣಿಯೇನೋ? ಇದು ಕಬ್ಬಿಣ.”

“ಕಬ್ಬಿಣ ಆದ್ರೂ ನೀರ ಮೇಲೇ ಅದೆ ಅಲ್ಲವಾ?”

ಹಿಂದಿನ ಕಾರುಗಳಿಂದ ನಗು ಬಂತು. ಆ ನಗುವೇ ನನಗೆ ಮುಳುವಾಯಿತು. ನಾನೊಬ್ಬ ಸುಮ್ಮನೆ ನಿಂತಿದ್ದರೆ ಬಹುಶಃ ಬೈದು ಬಿಡುತ್ತಿದ್ದರು. ನಗುವಿಗೆ ಉತ್ತರ ಕೊಡಲಿಕ್ಕೆ ಅವರ ಹತ್ತಿರ ಇದ್ದದ್ದು ಒಂದೇ. ನನ್ನ ಎದೆಯ ಮೇಲಿನ ಗೇಟ್ ಪಾಸ್ ಕಿತ್ತುಕೊಂಡರು. ಬೂಟು ಹಾಕಿಕೊಳ್ಳುತ್ತೇನೆ, ತಪ್ಪಾಯಿತು ಎಂದು ಎಲ್ಲರೆದುರು ಹೇಳಿದರೆ ವಾಪಸು ಕೊಡುತ್ತೇನೆ ಎಂದರು. ನಾನು ಹೇಳಲಿಲ್ಲ. ರೈಲು ಹತ್ತಿದೆ.

ಹೇಳದೆ ಬಂದದ್ದು ಸುಲಭ ಇರಲಿಲ್ಲ ಎಂದು ತಿಳಿಯಬೇಕಾದರೆ ಮನೆಯ ಸ್ಥಿತಿ ಗೊತ್ತಿರಬೇಕು. ಮಿರ್ಜಾನದ ಕೆಳಗೆ, ಅಘನಾಶಿನಿ ಹೊಳೆಯ ನಡುವಿನ ಕುರ್ವೆಯಲ್ಲಿ ನಮ್ಮ ಮನೆ. ಕುರ್ವೆ ಎಂದರೆ ಸುತ್ತ ನೀರಿರುವ ನಡುಗಡ್ಡೆ, ದೋಣಿ ಇಲ್ಲದೆ ಹೋಗಲಿಕ್ಕೆ ಬರಲಿಕ್ಕೆ ಆಗುವುದಿಲ್ಲ. ಹೆಂಡತಿ ಮಂಕಾಳಿ ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು, ಅಂದರೆ ಚಿಪ್ಪು ಮೀನು, ಆರಿಸುತ್ತಿದ್ದಳು. ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು, ದಿನ ತುಂಬಿತ್ತು. ಮನೆಗೆ ಸಂಬಳ ತರುವವನು ನಾನೊಬ್ಬನೇ.

ವಿಷಯ ಕೇಳಿ ಮಂಕಾಳಿ ಸೊಂಟಕ್ಕೆ ಕೈ ಇಟ್ಟಳು. “ಬೂಟಿಗಾಗಿ ಕೆಲ್ಸ ಬಿಟ್ಟು ಬಂದ್ರಾ? ನಾಳೆ ಹುಟ್ಟೂ ಶಿಶುಗೆ ಎಂತ ಹೇಳೂದು, ನಿನ್ನಜ್ಜನ ಪಾದ ಭಾರೀ ದೊಡ್ಡದು, ಯಾವ ಬೂಟೂ ಹಿಡಿಯೂದಿಲ್ಲ ಅಂತಾ?”

“ನಿನ್ನ ದೋಣಿಗೆ ನಾ ಚಪ್ಲಿ ಹಾಕ್ಕಂಡು ಹತ್ತಿದ್ರೆ ಬಿಡ್ತಿದ್ಯಾ?”

“ಹುಟ್ಟು ತಕ್ಕಂಡು ಬೆನ್ನಿಗೆ ಹೊಡೀತಿದ್ದೆ.”

“ಮತ್ತೆ?”

“ಮತ್ತೆ ಎಂತಾ? ನಾ ಹೊಡದ್ರೆ ನೀವು ಹೊಡಸ್ಕಂತ್ರಿ. ಸಂಬ್ಳ ಕೊಡೋರು ಹೊಡಸ್ಕಂತಾರ್‍ಯಾ?”

ಅವಳ ಮಾತು ಸರಿ ಇತ್ತು. ಮರುದಿನ ನಾನೇ ಹೋಗಿ ತಪ್ಪಾಯಿತು ಅಂದುಬಿಡಲೇ ಎಂದು ಯೋಚನೆ ಬಂತು. ಅಷ್ಟರಲ್ಲಿ ಬೆಳಿಗ್ಗೆಯೇ ಮಗಳಿಗೆ ನೋವು ಶುರುವಾಗಿ, ಮಧ್ಯಾಹ್ನದ ಹೊತ್ತಿಗೆ ಕುಮಟೆಯ ಆಸ್ಪತ್ರೆಯಲ್ಲಿ ನಾಗಶ್ರೀ ಹುಟ್ಟಿದಳು. ಒದ್ದೆ ಬಟ್ಟೆಯಂಥ ಕೂದಲು, ಮುಷ್ಟಿ ಬಿಗಿ ಹಿಡಿದುಕೊಂಡೇ ಅಳು. ಕೆಲಸ ಇಲ್ಲದ ಅಜ್ಜ ನಾನು, ಆದರೆ ಕುಮಟೆ ಪೇಟೆಯಲ್ಲಿ ಕಂಡವರಿಗೆಲ್ಲ ಪೇಡೆ ಹಂಚಿದೆ. ಗುರುತಿಲ್ಲದ ಬಸ್ ಕಂಡಕ್ಟರಿಗೂ ಕೊಟ್ಟೆ. ಆ ಮಗುವಿನ ಮುಖ ನೋಡಿದ ಮೇಲೆ ತಪ್ಪಾಯಿತು ಅನ್ನುವ ಯೋಚನೆ ಪೂರ್ತಿ ಬಿಟ್ಟೆ. ಮಕ್ಕಳು ಹುಟ್ಟಿದರೆ ಜನ ತಗ್ಗಿ ನಡೆಯುತ್ತಾರೆ ಎನ್ನುತ್ತಾರೆ. ನನಗೆ ಉಲ್ಟಾ ಆಯಿತು.

ಅತ್ತ ಯಾರ್ಡಿನಲ್ಲಿ ಏನಾಗಿದೆ ಎಂದು ನನಗೆ ತಿಳಿದಿರಲಿಲ್ಲ. ಮುಂದಿನ ಹಡಗು ಬಂದಾಗ ನಮ್ಮ ಮೂರು ತಾಲೂಕಿನವರೆಲ್ಲ ಬೂಟು ಬಿಚ್ಚಿ ರ್‍ಯಾಂಪಿನ ಬುಡದಲ್ಲಿ ಸಾಲಾಗಿ ಇಟ್ಟು, ಅದರ ಪಕ್ಕ ತಾವೂ ಕೂತುಬಿಟ್ಟರಂತೆ. ಹೊನ್ನಪ್ಪ ಬಂದರೆ ಎದ್ದೇವು, ಇಲ್ಲದಿದ್ದರೆ ಇಲ್ಲ ಎಂದರಂತೆ. ಬೇರೆ ಡ್ರೈವರುಗಳನ್ನು ತಂದರು. ಅವರು ರಸ್ತೆಯಲ್ಲಿ ಒಳ್ಳೆಯವರೇ, ಹಡಗಿನ ಕತ್ತಲಲ್ಲಿ ಅಂಗೈ ಸಂದು ಬಿಟ್ಟು ನಿಲ್ಲಿಸಿ ರೂಢಿ ಇಲ್ಲ. ಕನ್ನಡಿ ಮುರಿಯಿತು, ಬಾಗಿಲು ಗೀರಿತು. ಹಡಗಿನವರು ಸಾಕು ಎಂದು ರ್‍ಯಾಂಪ್ ಎತ್ತಿಕೊಂಡು, ಅರ್ಧ ಹೊಟ್ಟೆಯಲ್ಲೇ ಹೊರಟುಹೋದರು.

ನಾಗಶ್ರೀ ಹುಟ್ಟಿ ಒಂದು ವಾರ ಆಗಿರಬಹುದು. ಹೊಳೆಯ ಆಚೆ ದಡದಿಂದ ಕೂಗು ಕೇಳಿತು. “ಹೊನ್ನಪ್ಪಣ್ಣೋ! ದೋಣಿ ತಾರೋ! ಉದ್ದ ಸಾಯ್ಬ್ರು ಬಂದಾರೋ!”

ಜಾಫರನ ಗಂಟಲು. ಉದ್ದ ಸಾಹೇಬರು ಎಂದರೆ ಬಂದರಿನ ಯಾರ್ಡಿಗೆಲ್ಲ ಮುಖ್ಯಸ್ಥರಾದ ಹೊರದೇಶದವರು. ಬಾಗಿಲಲ್ಲಿ ತಲೆ ತಗ್ಗಿಸದೆ ಬರಲಾರದಷ್ಟು ಎತ್ತರ, ಅದಕ್ಕೆ ನಾವಿಟ್ಟ ಹೆಸರು. ಸೂಪರ್‌ವೈಸರ್ ಬರೆದು ಕಳಿಸಿದ ವರದಿಯನ್ನು ನಂಬದೆ, ಈ ಜನ ಯಾಕೆ ಹೀಗೆ ಎಂದು ತಾವೇ ನೋಡಬೇಕೆಂದು ಜಾಫರನನ್ನು ಕರೆದುಕೊಂಡು ಹೊರಟು ಬಂದಿದ್ದರು. ದುಬೈಯಲ್ಲಿ ಕೆಲವು ವರ್ಷ ಇದ್ದ ಜಾಫರನಿಗೆ ಇಂಗ್ಲಿಷ್ ಬರುತ್ತಿತ್ತು.

ನಾನು ಎದ್ದು ಹೋಗಲಿಲ್ಲ. ಬೇಕಾದವರು ಬರಲಿ ಎಂದು ಜಗುಲಿಯ ಮೇಲೆ ಕೂತೆ. ಮಂಕಾಳಿ ನನ್ನನ್ನೊಮ್ಮೆ ನೋಡಿ, ಗಳ ಹಿಡಿದು ದೋಣಿ ಬಿಟ್ಟಳು. ಮುಂದಿನದು ಜಾಫರ್ ಹೇಳಿದ್ದು. ಸಾಹೇಬರು ಕಾಲೆತ್ತಿ ದೋಣಿಗೆ ಇಡುವಷ್ಟರಲ್ಲಿ ಮಂಕಾಳಿ ಗಳವನ್ನು ಅಡ್ಡ ಹಿಡಿದಳು.

“ಬೂಟು ತೆಗೀರಿ ಸಾಯ್ಬ್ರೇ.”

ಜಾಫರ್ ನಡುವೆ ಬಂದ. “ಅಕ್ಕಾ, ಇವ್ರು ಯಾರು ಗೊತ್ತದ್ಯಾ?”

“ಯಾರಾದ್ರೂ ಆಗ್ಲಿ. ಕಾಲಿಗೆ ಎಂತ ಹಾಕ್ಕಂಡಾರೆ ಕಾಣ್ತದೆ. ಅಷ್ಟು ಕಂಡ್ರೆ ಸಾಕು.”

ಜಾಫರ್ ಅದನ್ನು ಎಷ್ಟು ಮೆತ್ತಗೆ ಮಾಡಿ ಹೇಳಿದನೋ, ಸಾಹೇಬರು ದಡದ ಕಲ್ಲಿನ ಮೇಲೆ ಕೂತು ದಾರ ಬಿಚ್ಚಿದರು. ಕಾಲುಚೀಲ ತೆಗೆದರು, ಪ್ಯಾಂಟು ಮಡಚಿದರು. ಹೊಳೆ ದಾಟುವಷ್ಟು ಹೊತ್ತೂ ಬೂಟುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಶಾಲೆಗೆ ಹೊರಟ ಹುಡುಗನ ಹಾಗೆ ಸುಮ್ಮನೆ ಕೂತಿದ್ದರು. ನಾನು ಜಗುಲಿಯಿಂದ ಅದನ್ನು ಕಂಡೆ. ಗೆದ್ದೆ ಅಂದುಕೊಂಡೆ.

ಆದರೆ ಇಳಿಯುವಾಗ ಅವರ ಕಾಲು ಒದ್ದೆ ಹಲಗೆಯ ಮೇಲೆ ಜಾರಿತು. ದಡದಲ್ಲಿ ಬಿದ್ದಿದ್ದ ಬಳಚಿನ ಚಿಪ್ಪು ಹೆಬ್ಬೆರಳನ್ನು ಸೀಳಿತು. ರಕ್ತ ಚೆನ್ನಾಗಿಯೇ ಬಂತು. ಸಾಹೇಬರು ನನ್ನ ಅಂಗಳಕ್ಕೆ ಒಂಟಿ ಕಾಲಲ್ಲಿ ಕುಂಟುತ್ತ ಬಂದು, ಆ ಬೆರಳನ್ನು ನನ್ನ ಮುಖದ ಎದುರೇ ಎತ್ತಿ ಹಿಡಿದು ಒಂದೇ ಒಂದು ಮಾತು ಹೇಳಿದರು.

“ಬೂಟು ಇದ್ಕೇ ಹಾಕೂದು ಅಂತಾರೆ ಹೊನ್ನಪ್ಪಣ್ಣ” ಎಂದ ಜಾಫರ್.

ಹಡಗಿನ ನೆಲದಲ್ಲಿ ಕಬ್ಬಿಣದ ಬಳೆಗಳಿವೆ, ಎಣ್ಣೆ ಇರುತ್ತದೆ, ಬಿಗಿದ ಪಟ್ಟಿ ಹರಿದು ಸಿಡಿಯುವುದೂ ಉಂಟು. ಅವರ ಮಾತು ಸುಳ್ಳಲ್ಲ. ನನ್ನದೂ ಸುಳ್ಳಲ್ಲ. ಇಬ್ಬರೂ ರಕ್ತ ನೋಡುತ್ತ ನಿಂತೆವು.

ಮಂಕಾಳಿ ಹಳೆಯ ಸೀರೆಯ ಅಂಚು ಹರಿದು ತಂದು ಬೆರಳಿಗೆ ಕಟ್ಟಿದಳು. ಕಟ್ಟುತ್ತಲೇ ಬೈದಳು, ನಮ್ಮಿಬ್ಬರನ್ನೂ ಸೇರಿಸಿ. “ಗಂಡಸ್ರಿಗೆ ಒಂದೋ ಬೂಟು ಬೇಕು, ಇಲ್ಲಾ ಬರಿಗಾಲು ಬೇಕು. ನಾವು ದಿನಾ ಈ ಚಿಪ್ಪಿನ ಮೇಲೇ ನಡೀತ್ರು ಅಲ್ಲವಾ, ನಮ್ ಕಾಲು ಹೆಂಗೆ ಉಳೀತು ಅಂತ ಒಬ್ರಾದ್ರೂ ಕೇಳಿರ್‍ಯಾ?” ಅಂಗಳದ ಹಗ್ಗದ ಮೇಲೆ ಒಣಗಲು ಹಾಕಿದ್ದ ದಪ್ಪ ಕಾಲುಚೀಲ ತೆಗೆದು ಸಾಹೇಬರ ಮಡಿಲಿಗೆ ಹಾಕಿದಳು. ಬಳಚು ಆರಿಸುವಾಗ ಕಾಲು ಸೀಳದಿರಲಿ ಎಂದು ಹೆಂಗಸರು ಹಾಕಿಕೊಳ್ಳುವಂಥದ್ದು. “ಇದು ಹೊಳೇದು. ದೋಣಿ ಹತ್ತಿದ ಮೇಲೆ ಹಾಕ್ಕಂತ್ರು, ದಡಕ್ಕೆ ಇಳಿಯೂ ಮುಂಚೆ ತೆಗೀತ್ರು. ಅಂಗಳದ ನೆಲ ಮುಟ್ಟೂದಿಲ್ಲ, ಒಳಗೆ ಬರೂದಿಲ್ಲ. ನಿಮ್ ಕಂಪ್ನಿಗೆ ಇನ್ನೊಂದು ಜೋಡಿ ಬೂಟಿಗೆ ಬರ ಬಂದದ್ಯಾ? ಹಡಗಿಗೇ ಬೇರೆ ಕೊಡಿ. ಅದು ನೆಲ ಮುಟ್ಟೂದು ಬೇಡ. ಆತು, ಮುಗೀತು.”

ಜಾಫರ್ ಹೇಳಿ ಮುಗಿಸಿದ. ಸಾಹೇಬರು ಆ ಕಾಲುಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ನಗಲಿಕ್ಕೆ ಶುರುಮಾಡಿದರು. ನನಗೂ ನಗು ಬಂತು, ಆದರೆ ತಡೆದುಕೊಂಡೆ. ವ್ಯವಹಾರ ಇನ್ನೂ ಮುಗಿದಿರಲಿಲ್ಲ.

“ಸೂಪರ್‌ವೈಸರಿಗೂ ಇದೇ ಬೂಟಾ, ಕೇಳು” ಎಂದೆ ಜಾಫರನಿಗೆ.

“ಅವರಿಗೂ ಅಂತಾರೆ.”

“ಸಾಯ್ಬ್ರಿಗೂ?”

ಅವರು ಕಟ್ಟಿದ ಹೆಬ್ಬೆರಳನ್ನು ನೋಡಿಕೊಂಡು ತಲೆ ಆಡಿಸಿದರು. “ತಪ್ಪಾಯ್ತು ಅಂತ ನಾ ಹೇಳೂದಿಲ್ಲ, ಅದನ್ನೂ ಹೇಳು” ಎಂದೆ. ಅದಕ್ಕೆ ಅವರು, ತಪ್ಪು ಯಾರದ್ದು ಎಂದು ಕೇಳಲಿಕ್ಕೆ ಇಷ್ಟು ದೂರ ಬರಲಿಲ್ಲ, ಮುಂದಿನ ಹಡಗಿಗೆ ಬಾ ಎಂದರು. ಆಗ ನಾನು ಒಳಗೆ ಹೋಗಿ ನಾಗಶ್ರೀಯನ್ನು ಎತ್ತಿಕೊಂಡು ಬಂದೆ. ಅವರು ಬಂದದ್ದು ರಾಜಿಗೆ. ನಾನು ಮೊಮ್ಮಗಳನ್ನು ತೋರಿಸಲಿಕ್ಕೆ ಯಾರಾದರೂ ಸಿಗಲಿ ಎಂದು ಕಾಯುತ್ತಿದ್ದವನು. ಅವಳು ಸಾಹೇಬರ ಉದ್ದ ಬೆರಳನ್ನು ಹಿಡಿದು ಬಿಡಲಿಲ್ಲ. ಅವರಿಗೆ ದೋಣಿಗೆ ಹೊತ್ತಾಯಿತು.

ಮುಂದಿನ ಹಡಗಿಗೆ ಬಿಳಿ ಕ್ಯಾನ್ವಾಸಿನ ಬೂಟು ಬಂದಿತ್ತು, ಒಳಗೆ ಗಟ್ಟಿ ಟೊಪ್ಪಿ ಇಟ್ಟು ಹೊಲಿಸಿದ್ದು. ರ್‍ಯಾಂಪಿನ ಬುಡದಲ್ಲಿ ಒಂದು ಬೆಂಚು. ಕೂತು ಕರಿ ಬೂಟು ಬಿಚ್ಚುವುದು, ಬಿಳಿ ಬೂಟು ಹಾಕಿ ನೇರ ರ್‍ಯಾಂಪಿನ ಮೇಲೆ ಕಾಲಿಟ್ಟು, ಅದರ ತುದಿಯಲ್ಲಿ ನಿಲ್ಲಿಸಿದ ಕಾರು ಹತ್ತುವುದು. ಸಾಹೇಬರು ಆ ದಿನ ಕಾರ್ಖಾನೆಯಲ್ಲಿದ್ದರು, ಬಂದರಿಗೆ ಬಂದಿರಲಿಲ್ಲ. ನಾನು ಮೊದಲ ಕಾರು. ರ್‍ಯಾಂಪಿನ ಅರ್ಧ ಏರಿದ್ದೆ. ಆಗ ಸೂಪರ್‌ವೈಸರ್ ಬೆಂಚನ್ನು ದಾಟಿ, ಕರಿ ಬೂಟಿನಲ್ಲೇ ದಡದಡ ಹತ್ತಿ ಬಂದು ನನ್ನ ಕಾರಿನ ಮುಂದೆ ನಿಂತರು. ಬೇಗ ಬೇಗ ಎಂದು ಕೈ ಬೀಸಿದರು. ಅವರ ಕಣ್ಣು ನನ್ನ ಮೇಲಿತ್ತು. ಈಗ ಏನು ಮಾಡುತ್ತೀಯ ನೋಡೋಣ ಎಂಬ ಹಾಗೆ.

ಮನೆಯಲ್ಲಿ ಬಾಣಂತಿ, ಕೂಸು. ಕೈಗೆ ಬಂದ ಕೆಲಸ ಇನ್ನೊಂದು ಗಳಿಗೆಯಲ್ಲಿ ಮತ್ತೆ ಹೋಗಬಹುದಿತ್ತು. ನಾನು ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆರಿಸಿದೆ. ಹಿಂದೆ ಜಾಫರ್ ಆರಿಸಿದ. ಅವನ ಹಿಂದೆ ಪಾಸ್ಕಲ್. ಹಾಗೆ ಒಂದೊಂದೇ ಎಂಜಿನ್ ಆರುತ್ತ ಆರುತ್ತ ಯಾರ್ಡಿನ ಕಡೆಯ ಕಾರಿನವರೆಗೆ ಹೋಯಿತು. ಹಡಗಿನ ಗೋಡೆಗೆ ನೀರು ಬಡಿಯುವ ಸದ್ದು ಕೇಳಿಸಿತು. ಯಾರೂ ಹಾರ್ನ್ ಹಾಕಲಿಲ್ಲ, ಈ ಸಲ ಯಾರೂ ನಗಲೂ ಇಲ್ಲ.

ಸೂಪರ್‌ವೈಸರ್ ಮೇಲೆ ನೋಡಿದರು, ಕೆಳಗೆ ನೋಡಿದರು. ಯಾರಾದರೂ ಬಂದು ಏನಾದರೂ ಹೇಳಲಿ ಎಂದು ಕಾದರು. ಯಾರೂ ಬರಲಿಲ್ಲ. ಕಡೆಗೆ ಅವರೇ ಇಳಿದರು. ಬೆಂಚಿನ ಮೇಲೆ ಕೂತು ದಾರ ಬಿಚ್ಚಿದರು, ಬಿಳಿ ಬೂಟು ಹಾಕಿಕೊಂಡರು. ಮತ್ತೆ ಹತ್ತಿ ಬಂದು ನನ್ನ ಕಿಟಕಿಯ ಹತ್ತಿರ ನಿಂತು, “ಈಗ ನಡಿ” ಎಂದರು. ದನಿಯಲ್ಲಿ ಸಿಟ್ಟಿತ್ತು. ಇರಲಿ. ಸಿಟ್ಟು ಅವರದ್ದು.

“ಹೊರಟೆ ಸಾಯ್ಬ್ರೇ” ಎಂದೆ.

ನಾನು ಆ ಯಾರ್ಡಿನಲ್ಲಿ ನಿವೃತ್ತಿಯವರೆಗೂ ಇದ್ದೆ. ಅಲ್ಲಿ ಕಲಿತದ್ದು ಇದು. ಮೇಲಿನವರು ಒಪ್ಪಿದರು ಎಂದರೆ ನಿಯಮ ಹುಟ್ಟಿತು ಎಂದಷ್ಟೇ ಅರ್ಥ. ಒಪ್ಪಿದವರು ಎದುರಿಗೆ ಇಲ್ಲದ ದಿನ, ನಮಗಿಂತ ದೊಡ್ಡ ಬೂಟಿನವರೊಬ್ಬರು ಅದನ್ನು ತುಳಿದುಕೊಂಡು ಬಂದೇ ಬರುತ್ತಾರೆ. ಅವತ್ತು ಕೂಗಾಡಬೇಕಾಗಿಲ್ಲ, ಬೈಯಬೇಕಾಗಿಲ್ಲ. ಎಂಜಿನ್ ಆರಿಸಿ ಕೂತರೆ ಸಾಕು. ಅವರು ಇಳಿದು ಬದಲಿಸಿಕೊಂಡು ಬರುವವರೆಗೆ ಮಾತ್ರ ಗೇರಿಗೆ ಕೈ ಹಾಕಬಾರದು.